ಎರಡು ಸೂರ್ಯೋದಯ, ಒಂದು ಗೇಣು

ಪರ್ತ್‌ನಿಂದ ಬೆಂಗಳೂರಿಗೆ ಎಷ್ಟು ದೂರ?

ಫೋನಲ್ಲಿ ಕೇಳಿದ್ರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತೆ. ಭೂಮಿಯ ಮೇಲೆ ಅತಿ ಹತ್ತಿರದ ಗೆರೆ ಎಳೆದರೆ ಸುಮಾರು 6,460 ಕಿ.ಮೀ. ಸಿಂಗಪುರದ ಮೇಲೆ ಸುತ್ತಿಕೊಂಡು ಬಂದರೆ ಏಳು ಸಾವಿರ ದಾಟುತ್ತೆ. ನಮ್ಮಪ್ಪ ಕೊಟ್ಟಿದ್ದ ಉತ್ತರ ಬೇರೆ ಇತ್ತು. ಅವರು ತಿಪಟೂರಿನಲ್ಲಿ ಮೂವತ್ತು ವರ್ಷ ಮಿಡ್ಲ್ ಸ್ಕೂಲ್ ಮಕ್ಕಳಿಗೆ ಸಮಾಜ ಪಾಠ ಹೇಳಿದವರು. ಅಕ್ಕನಿಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಿದ ದಿನ ಅಟ್ಟದ ಮೇಲಿಂದ ಗ್ಲೋಬ್ ಇಳಿಸಿ, ಧೂಳು ಒರೆಸಿ, ಅಮ್ಮನ ಹೊಲಿಗೆ ಡಬ್ಬಿಯಿಂದ ಒಂದು ದಾರ ತಂದು, ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಪರ್ತ್ ಮೇಲೆ ಇಟ್ಟು ಬಿಗಿಯಾಗಿ ಎಳೆದರು. ಆಮೇಲೆ ಆ ದಾರವನ್ನು ತಮ್ಮ ಅಂಗೈ ಮೇಲೆ ಹಿಡಿದು ನೋಡಿ, 'ಒಂದು ಗೇಣೂ ಇಲ್ಲ ಕಣೇ, ಯಾಕೆ ಅಳ್ತೀಯ' ಅಂತ ಅಮ್ಮನಿಗೆ ಹೇಳಿದರು.

ಲೆಕ್ಕ ಸರಿಯಾಗೇ ಇತ್ತು. ಹನ್ನೆರಡು ಇಂಚಿನ ಗ್ಲೋಬ್‌ನ ಸುತ್ತಳತೆ ಸುಮಾರು 96 ಸೆಂಟಿಮೀಟರ್. ಭೂಮಿಯ ಸುತ್ತಳತೆ 40,000 ಕಿ.ಮೀ. ಅಂದ್ರೆ ಒಂದು ಸೆಂಟಿಮೀಟರಿಗೆ ನಾನೂರು ಚಿಲ್ಲರೆ ಕಿಲೋಮೀಟರ್. ಪರ್ತ್ ಹದಿನೈದೂವರೆ ಸೆಂಟಿಮೀಟರ್ ದೂರ. ಗೇಣಿಗಿಂತ ಕಮ್ಮಿಯೇ. ವಿಮಾನಗಳು ಹಾರುವ ದೂರವನ್ನು ಕಂಪ್ಯೂಟರ್ ಲೆಕ್ಕ ಹಾಕುವುದೂ ಇದೇ ದಾರದ ತತ್ವದಲ್ಲಿ. ಚಪ್ಪಟೆ ನಕ್ಷೆಯ ಮೇಲೆ ಗೆರೆ ಎಳೆದರೆ ಮೋಸ ಹೋಗ್ತೀವಿ, ಉಂಡೆಯ ಮೇಲೆ ದಾರ ಎಳೆದರೆ ಇಲ್ಲ.

ಈ ಗೇಣು ದೂರದ ಇತಿಹಾಸ ನನಗೆ ಸಿಕ್ಕಿದ್ದು ನಾನು ದಿನಾ ಮೂಗು ಮುಚ್ಚಿಕೊಂಡು ದಾಟುವ ಬೆಳ್ಳಂದೂರು ಕೆರೆಯಿಂದ.

ನನ್ನ ಫ್ಲ್ಯಾಟಿನ ಬಾಲ್ಕನಿಯಿಂದ ಆ ಕೆರೆಯ ಒಂದು ಮೂಲೆ ಕಾಣುತ್ತೆ. ನೊರೆ ಉಕ್ಕಿ ರಸ್ತೆಗೆ ಬಂದ ಕೆರೆ, 2018ರ ಜನವರಿಯಲ್ಲಿ ಬೆಂಕಿ ಹೊತ್ತಿಕೊಂಡ ಕೆರೆ. ನಮ್ಮ ಪೀಳಿಗೆಗೆ ಇದರ ಪರಿಚಯ ಅಷ್ಟೇ. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಕೆರೆಯ ಮೇಲೆ ವಿಮಾನಗಳು ಇಳೀತಿದ್ದವು. ಕ್ಯಾಟಲೀನಾ ಅಂತ ಅವುಗಳ ಹೆಸರು. ಕೆಳಗೆ ದೋಣಿ, ಮೇಲೆ ರೆಕ್ಕೆ, ರೆಕ್ಕೆಯ ಮೇಲೆ ಎರಡು ಎಂಜಿನ್. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ಮಧ್ಯದಲ್ಲಿ ಅಮೆರಿಕನ್ ವಾಯುಸೇನೆಯ ರಿಪೇರಿ ಕೇಂದ್ರವಾಯ್ತು. ರಿಪೇರಿಗೆ ಬಂದ ಕ್ಯಾಟಲೀನಾಗಳಿಗೆ ಇಳಿಯೋಕೆ ನೀರು ಬೇಕು. ಪಕ್ಕದಲ್ಲೇ ಬೆಳ್ಳಂದೂರು ಕೆರೆ ಇತ್ತು.

ಇದನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆ ಬರಲಿಲ್ಲ. ನಂಬಿಕೆ ಬಂದ ಮೇಲೆ ಕ್ಯಾಟಲೀನಾಗಳ ಹಿಂದೆ ಬಿದ್ದೆ. ಹಾಗೆ ಬಿದ್ದಾಗ ಸಿಕ್ಕಿದ್ದೇ ಪರ್ತ್.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. 1929ರ ಮಾರ್ಚ್ 30ರಂದು ಲಂಡನ್ನಿನಿಂದ ಕರಾಚಿಗೆ ಇಂಪೀರಿಯಲ್ ಏರ್‌ವೇಸ್‌ನ ಮೊದಲ ಪ್ರಯಾಣಿಕ ಸೇವೆ ಹೊರಟಿತು. ಏಳು ದಿನದ ಪ್ರಯಾಣ. ಮಧ್ಯೆ ಒಂದಿಷ್ಟು ದೂರ ರೈಲಲ್ಲಿ ಹೋಗ್ಬೇಕಿತ್ತು. 1938ರ ಹೊತ್ತಿಗೆ ಸಿಡ್ನಿಯಿಂದ ಇಂಗ್ಲೆಂಡಿನ ಸೌತಾಂಪ್ಟನ್ ತನಕ ನೀರಿನ ಮೇಲಿಳಿಯುವ ದೊಡ್ಡ ವಿಮಾನಗಳು ಓಡಾಡತೊಡಗಿದವು. ಹತ್ತಿರ ಹತ್ತಿರ ಹತ್ತು ದಿನ. ಸಿಂಗಪುರ, ಕಲ್ಕತ್ತದ ಹೂಗ್ಲಿ ನದಿ, ಗ್ವಾಲಿಯರ್‌ನ ಕೆರೆ, ಕರಾಚಿ, ಹೀಗೆ ಕುಪ್ಪಳಿಸುತ್ತಾ ಹೋಗೋದು. ರಾತ್ರಿ ಆದರೆ ಇಳಿದು ಹೋಟೆಲಿನಲ್ಲಿ ಮಲಗೋದು. ನಮ್ಮ ಕೆಂಪು ಬಸ್ಸಿನ ಥರ, ಊರೂರಲ್ಲಿ ಸ್ಟಾಪು.

ಇಂಥ ಸರಪಳಿಯ ತೊಂದರೆ ಏನಂದ್ರೆ, ಒಂದು ಕೊಂಡಿ ಕಳಚಿದರೆ ಇಡೀ ಸರಪಳಿ ಹೋಯ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿನ ಕೈಗೆ ಬಿತ್ತು. ಆಸ್ಟ್ರೇಲಿಯಾ ಮತ್ತು ಬ್ರಿಟನ್ ನಡುವಿನ ಆಕಾಶದ ದಾರಿ ಅಲ್ಲಿಗೆ ತುಂಡಾಯ್ತು. ಏಪ್ರಿಲ್ 5ರಂದು, ಈಸ್ಟರ್ ಭಾನುವಾರ, ಕೊಲಂಬೊ ಮೇಲೆ ಬಾಂಬು ಬಿತ್ತು. ಮಾರನೇ ದಿನ ನಮ್ಮ ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಿತ್ತು. ಸುಮಾತ್ರಾ, ಜಾವಾ, ಅಂಡಮಾನ್ ಎಲ್ಲಾ ಆಗಲೇ ಜಪಾನಿನವರ ಕೈಯಲ್ಲಿದ್ದವು.

ಉಳಿದಿದ್ದು ಒಂದೇ ದಾರಿ. ಪರ್ತ್‌ನ ಸ್ವಾನ್ ನದಿಯಿಂದ ಎದ್ದು, ಹಿಂದೂ ಮಹಾಸಾಗರದ ಮೇಲೆ ಎಲ್ಲೂ ನಿಲ್ಲದೆ ಹಾರಿ, ಸಿಲೋನಿನ ದಕ್ಷಿಣದಲ್ಲಿ ಗಾಲೆ ಪಕ್ಕದ ಕೊಗ್ಗಲ ಅನ್ನೋ ಸರೋವರದಲ್ಲಿ ಇಳಿಯೋದು. ಸುಮಾರು 5,650 ಕಿ.ಮೀ. ಕ್ವಾಂಟಾಸ್ ಸಂಸ್ಥೆ 1943ರ ಮಧ್ಯದಲ್ಲಿ ಐದು ಕ್ಯಾಟಲೀನಾಗಳನ್ನು ಇಟ್ಟುಕೊಂಡು ಈ ಕೆಲಸ ಶುರು ಮಾಡಿತು.

ಕ್ಯಾಟಲೀನಾದ ವೇಗ ಗಂಟೆಗೆ ಹೆಚ್ಚುಕಮ್ಮಿ 200 ಕಿ.ಮೀ. ನಮ್ಮ ಪುಣೆ ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಕೆಲವರು ಕಾರು ಓಡಿಸ್ತಾರಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ. 5,650ನ್ನು 200ರಿಂದ ಭಾಗಿಸಿ. 28 ಗಂಟೆ ಚಿಲ್ಲರೆ. ಒಂದೇ ಉಸಿರಿಗೆ, ಕೆಳಗೆ ಬರೀ ನೀರು. ಅಷ್ಟು ದೂರಕ್ಕೆ ಬೇಕಾದ ಪೆಟ್ರೋಲ್ ತುಂಬಿಸಿದ ಮೇಲೆ ಮನುಷ್ಯರಿಗೆ ಉಳೀತಿದ್ದ ಜಾಗ ಮೂರು ಜನದ್ದು. ಅದರ ಜೊತೆ ಸುಮಾರು 69 ಕೆ.ಜಿ. ಅಂಚೆ. ಬೇಡದ್ದನ್ನೆಲ್ಲ ಕಿತ್ತು ಹಾಕಿದ್ದರೂ ಏಳುವಾಗ ವಿಮಾನ ಎಷ್ಟು ಭಾರ ಇರ್ತಿತ್ತು ಅಂದ್ರೆ, ಮೊದಲ ಹಲವು ಗಂಟೆಗಳಲ್ಲಿ ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದರ ಮೇಲೆ ಹಾರಿಕೊಂಡಿರೋಕೆ ಆಗ್ತಿರಲಿಲ್ಲ.

ಇಷ್ಟು ನಿಧಾನದ ವಿಮಾನಕ್ಕೆ ಗಾಳಿ ಅನ್ನೋದು ಸಣ್ಣ ವಿಷಯ ಅಲ್ಲ. ಅತಿ ಬೇಗ ಮುಗಿದ ಹಾರಾಟ 27 ಗಂಟೆ. ಅತಿ ತಡವಾದದ್ದು 32 ಗಂಟೆ 9 ನಿಮಿಷ. ಐದು ಗಂಟೆ ವ್ಯತ್ಯಾಸ! ಗಂಟೆಗೆ 25 ಕಿ.ಮೀ. ವೇಗದ ಎದುರುಗಾಳಿ ಬಂದರೆ ಸಾಕು, 200 ಹೋಗಿ 175 ಆಗುತ್ತೆ, 28 ಗಂಟೆ ಹೋಗಿ 32 ಆಗುತ್ತೆ. ಅದೇ ಗಾಳಿ ಇವತ್ತಿನ 900 ಕಿ.ಮೀ. ವೇಗದ ಜೆಟ್‌ಗೆ ಎದುರಾದರೆ ಅಷ್ಟೇ ದೂರಕ್ಕೆ ತಡ ಆಗೋದು ಹತ್ತು ಹನ್ನೆರಡು ನಿಮಿಷ. ನಾವು ಊಟದ ಟ್ರೇ ವಾಪಸ್ ಕೊಡೋ ಅಷ್ಟು ಹೊತ್ತು. ದೂರ ಅವತ್ತೂ ಅದೇ, ಇವತ್ತೂ ಅದೇ. ಅದನ್ನು ಎಷ್ಟು ಹೊತ್ತಲ್ಲಿ ದಾಟ್ತೀವಿ ಅನ್ನೋದು ಮಾತ್ರ ನಾವು ಏನು ಹತ್ತಿದ್ದೀವಿ ಅನ್ನೋದರ ಮೇಲೆ.

ಬೆಳಗಿನ ಹೊತ್ತು ಹೊರಟು, ಜಪಾನಿನ ಗಸ್ತು ವಿಮಾನಗಳ ಕಣ್ಣಿಗೆ ಬೀಳಬಹುದಾದ ಭಾಗವನ್ನು ರಾತ್ರಿಯ ಕತ್ತಲಲ್ಲಿ ದಾಟೋ ಹಾಗೆ ಸಮಯ ಹೊಂದಿಸ್ತಿದ್ದರು. ಒಂದು ಸೂರ್ಯೋದಯ ನೋಡಿ ಹೊರಟವರು ಗಾಳಿಯಲ್ಲಿದ್ದಾಗಲೇ ಇನ್ನೊಂದು ಸೂರ್ಯೋದಯ ನೋಡ್ತಿದ್ದರು. ಇದರಿಂದಲೇ ಈ ಹಾರಾಟಗಳಿಗೆ 'ಡಬಲ್ ಸನ್‌ರೈಸ್' ಅಂತ ಹೆಸರು ಬಿತ್ತು. ಪ್ರಯಾಣ ಮುಗಿಸಿದವರಿಗೆ 'ಸೀಕ್ರೆಟ್ ಆರ್ಡರ್ ಆಫ್ ದಿ ಡಬಲ್ ಸನ್‌ರೈಸ್' ಅನ್ನೋ ಸರ್ಟಿಫಿಕೇಟ್ ಬೇರೆ ಕೊಡ್ತಿದ್ದರು.

ರಾತ್ರಿ ದಾರಿ ಕಂಡುಕೊಳ್ಳೋದು ನಕ್ಷತ್ರ ನೋಡಿ. ಆ ಐದು ವಿಮಾನಗಳಿಗೆ ಇಟ್ಟ ಹೆಸರುಗಳೂ ನಕ್ಷತ್ರಗಳದ್ದೇ: ವೇಗಾ, ಆಲ್ಟೇರ್, ಸ್ಪೈಕಾ, ಅಂಟಾರೆಸ್, ರೈಜೆಲ್. ಇಂಗ್ಲಿಷ್ ಹೆಸರು ನೋಡಿ ಪರಕೀಯ ಅನ್ಕೋಬೇಡಿ. ವೇಗಾ ಅಂದ್ರೆ ನಮ್ಮ ಅಭಿಜಿತ್. ಆಲ್ಟೇರ್ ಶ್ರವಣ. ಸ್ಪೈಕಾ ಚಿತ್ತಾ. ಅಂಟಾರೆಸ್ ಜ್ಯೇಷ್ಠಾ. ರೈಜೆಲ್ ಒಂದೇ ನಮ್ಮ ಪಂಚಾಂಗದ ಪಟ್ಟಿಯಲ್ಲಿಲ್ಲ, ಅದು ಮಹಾವ್ಯಾಧನ ಕಾಲಲ್ಲಿದೆ. ಅಪ್ಪನ ಜನ್ಮನಕ್ಷತ್ರ ಚಿತ್ತಾ. ಬೇಸಿಗೆ ರಜೆಯಲ್ಲಿ ತಾರಸಿ ಮೇಲೆ ಮಲಗಿದ್ದಾಗ ಅದನ್ನು ತೋರಿಸಿ, 'ಅದು ನಂದು, ಮಿಕ್ಕಿದ್ದು ನೀವು ಹಂಚ್ಕೊಳಿ' ಅಂತಿದ್ದರು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಸೂರ್ಯೋದಯ ಅಲ್ಲ. ರೇಡಿಯೋ.

ವಿಮಾನದಲ್ಲಿ ರೇಡಿಯೋ ಇತ್ತು. ಆದರೆ ಮಾತಾಡೋ ಹಾಗಿರಲಿಲ್ಲ. ಮಾತಾಡಿದರೆ ಶತ್ರುವಿಗೆ ಎಲ್ಲಿದ್ದೀವಿ ಅಂತ ಗೊತ್ತಾಗುತ್ತೆ. ಹವಾಮಾನದ ಸಂಕೇತ ಬಂದರೆ ಕೇಳಿಸಿಕೊಳ್ಳಬಹುದು, ಉತ್ತರ ಕೊಡೋ ಹಾಗಿಲ್ಲ. ಅಂದ್ರೆ ಸ್ವಾನ್ ನದಿಯಿಂದ ಎದ್ದ ವಿಮಾನ 28 ಗಂಟೆ ಯಾರಿಗೂ ಇಲ್ಲ. ಪರ್ತ್‌ನಲ್ಲಿ ಕಳಿಸಿದವರಿಗೆ ಅದು ಹಾರ್ತಿದೆಯೋ ಮುಳುಗಿದೆಯೋ ಗೊತ್ತಿಲ್ಲ. ಕೊಗ್ಗಲದಲ್ಲಿ ಕಾಯೋರಿಗೂ ಗೊತ್ತಿಲ್ಲ. ವಿಮಾನದಲ್ಲಿ ಕೂತಿರೋ ಮೂರು ಜನಕ್ಕೆ ನೆಲದ ಮೇಲೆ ಏನಾಗಿದೆ ಗೊತ್ತಿಲ್ಲ. ಎರಡೂ ಕಡೆ ಕತ್ತಲೆ.

ಇದನ್ನು ಓದುವಾಗ ನನಗೆ ನೆನಪಾಗಿದ್ದು ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ.

ಅಪ್ಪನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ ಮೂರು ದಿನ ಆಗಿತ್ತು. ಹಿಂದಿನ ರಾತ್ರಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, 'ಬರೋರು ಇದ್ರೆ ಬರಕ್ಕೆ ಹೇಳಿ' ಅಂದರು. ಅಕ್ಕ ಮಾರನೇ ದಿನದ ಟಿಕೆಟ್ ಮಾಡಿಸಿದಳು. ಪರ್ತ್‌ನಲ್ಲಿ ಮಧ್ಯಾಹ್ನ ಒಂದೂಕಾಲಕ್ಕೆ ಹೊರಟು ಬೆಂಗಳೂರಿಗೆ ರಾತ್ರಿ ಹತ್ತೂಕಾಲಕ್ಕೆ ಬರೋದು. ಟಿಕೆಟ್ ನೋಡಿ ಅಮ್ಮ 'ಒಂಬತ್ತೇ ಗಂಟೆ ಅಲ್ವಾ' ಅಂತ ಸಮಾಧಾನ ಮಾಡಿಕೊಂಡಳು. ನಾನು ತಿದ್ದಲಿಲ್ಲ. ಪರ್ತ್ ನಮಗಿಂತ ಎರಡೂವರೆ ಗಂಟೆ ಮುಂದಿದೆ. ನಿಜವಾದ ಲೆಕ್ಕ ಹನ್ನೊಂದೂವರೆ ಗಂಟೆ. ಐದೂಕಾಲು ಗಂಟೆ ಸಿಂಗಪುರಕ್ಕೆ, ಒಂದೂಮುಕ್ಕಾಲು ಗಂಟೆ ಅಲ್ಲಿ ಕಾಯೋದು, ನಾಲ್ಕೂವರೆ ಗಂಟೆ ಬೆಂಗಳೂರಿಗೆ.

ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಅವಳ ವಿಮಾನ ಎದ್ದಿತು. 'ಹೊರಟೆ' ಅಂತ ಮೆಸೇಜು. ಆ ವಿಮಾನದಲ್ಲಿ ವೈಫೈ ಇರಲಿಲ್ಲ. ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಅಪ್ಪ ಹೋದರು.

ನಾನು ಫೋನಿನಲ್ಲಿ ವಿಮಾನದ ಟ್ರ್ಯಾಕರ್ ತೆಗೆದು ನೋಡಿದೆ. ಪುಟ್ಟ ಹಳದಿ ವಿಮಾನ ಹಿಂದೂ ಮಹಾಸಾಗರದ ಅಂಚಲ್ಲಿ ಜಾವಾ ಕಡೆ ಹತ್ತುತ್ತಾ ಇತ್ತು. ಎತ್ತರ ಎಷ್ಟು, ವೇಗ ಎಷ್ಟು, ಇಳಿಯೋಕೆ ಎಷ್ಟು ಹೊತ್ತು, ಎಲ್ಲಾ ಇತ್ತು. 1943ರಲ್ಲಿ ಕೊಗ್ಗಲದ ದಡದಲ್ಲಿ ನಿಂತವರಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ನನಗೆ ಎಲ್ಲಾ ಗೊತ್ತಿತ್ತು. ಅವಳಿಗೆ ಹೇಳೋಕೆ ಮಾತ್ರ ದಾರಿ ಇರಲಿಲ್ಲ. ಅವಳು ಕಿಟಕಿ ಪಕ್ಕ ಕೂತಿದ್ದಾಳೆ, ಅವಳ ಪಾಲಿಗೆ ಅಪ್ಪ ಇನ್ನೂ ಇದ್ದಾರೆ.

ನಾಲ್ಕು ಗಂಟೆಗೆ ಅವಳು ಚಾಂಗಿಯಲ್ಲಿ ಇಳಿದಳು. ನಾಲ್ಕೂ ಹನ್ನೆರಡಕ್ಕೆ ಮೆಸೇಜು ಬಂತು: 'ಅಪ್ಪ ಹೇಗಿದ್ದಾರೆ?'

ಆಗ ನಾನು ಆಂಬುಲೆನ್ಸಿನಲ್ಲಿದ್ದೆ. ನೆಲಮಂಗಲ ದಾಟಿದ್ದೆವು, ತಿಪಟೂರಿಗೆ ಹೋಗ್ತಿದ್ದೆವು. ಪಕ್ಕದಲ್ಲಿ ಸೋದರಮಾವ ಇದ್ದರು. 'ಈಗ ಹೇಳಬೇಡ. ಒಬ್ಬಳೇ ಇದ್ದಾಳೆ, ಇನ್ನೊಂದು ವಿಮಾನ ಹತ್ತಬೇಕು. ಬಂದ ಮೇಲೆ ಹೇಳಿದರಾಯ್ತು' ಅಂದರು. ದೊಡ್ಡವರು ಹೇಳಿದ್ದು ಅಂತ ಅವರ ತಲೆಗೆ ಕಟ್ಟೋಕೆ ಬರಲ್ಲ. ಟೈಪ್ ಮಾಡಿದ್ದು ನಾನು. 'ಹಾಗೇ ಇದ್ದಾರೆ. ಬೇಗ ಬಾ.'

ಎರಡು ನೀಲಿ ಟಿಕ್ ಬಿದ್ದವು. ಉತ್ತರ ಬರಲಿಲ್ಲ.

ಚಿಕ್ಕಪ್ಪನ ಮಗ ಏರ್‌ಪೋರ್ಟಿಗೆ ಕಾರು ತಗೊಂಡು ಹೋಗಿದ್ದ. ಅವಳು ಮನೆ ಮುಂದೆ ಇಳಿದಾಗ ರಾತ್ರಿ ಎರಡು ಗಂಟೆ. ಶಾಮಿಯಾನ, ಕುರ್ಚಿ, ಬೆಂಕಿ ನೋಡಿದಳು. ಯಾರನ್ನೂ ಏನೂ ಕೇಳಲಿಲ್ಲ.

ಹದಿಮೂರನೇ ದಿನ ಮುಗಿದ ಮೇಲೆ, ಪಾತ್ರೆ ತೊಳೆದು ಜೋಡಿಸುವಾಗ ಅವಳೇ ಮಾತು ತೆಗೆದಳು. 'ಬೇಗ ಬಾ ಅಂತ ಬರೆದಿದ್ದೆಯಲ್ಲ. ಪೈಲಟ್‌ಗೆ ಹೇಳ್ಬೇಕಿತ್ತಾ?' ನಾನು ತಲೆ ಎತ್ತಲಿಲ್ಲ. 'ಅದನ್ನ ಓದಿದ ತಕ್ಷಣ ಗೊತ್ತಾಯ್ತು. ಆದ್ರೆ ಖಾತ್ರಿ ಇರಲಿಲ್ಲ. ನಾಲ್ಕೂವರೆ ಗಂಟೆ ಅಳೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ. ಪಕ್ಕದ ಸೀಟಿನ ಹೆಂಗಸು ಎಷ್ಟು ಸಲ ನೀರು ಬೇಕಾ ಅಂತ ಕೇಳಿದಳು ಗೊತ್ತಾ.'

'ನಿನಗೆ ಕಷ್ಟ ಆಗಬಾರದು ಅಂತ...' ಅಂದೆ.

'ಕಷ್ಟ ನಂದಲ್ವಾ' ಅಂದಳು.

ಆಮೇಲೆ ನಾನು ಇದನ್ನು ಬಹಳ ಸಲ ಯೋಚನೆ ಮಾಡಿದ್ದೀನಿ. ಮೊದಲ ಐದು ಗಂಟೆ ಅವಳಿಗೆ ಗೊತ್ತಾಗದೆ ಇದ್ದದ್ದು ಯಾರ ತಪ್ಪೂ ಅಲ್ಲ. ಅದು ದೂರದ ಕೆಲಸ. ಆದರೆ ಚಾಂಗಿಯಿಂದ ಬೆಂಗಳೂರಿನ ತನಕದ ಆ ನಾಲ್ಕೂವರೆ ಗಂಟೆ, ಆಮೇಲೆ ತಿಪಟೂರಿನ ತನಕದ ದಾರಿ, ಅದು ದೂರದ್ದಲ್ಲ. ಅದು ನಾನು ಮಾಡಿದ್ದು. ಕ್ಯಾಟಲೀನಾದವರು ಬಾಯಿ ಮುಚ್ಚಿಕೊಂಡಿದ್ದಕ್ಕೆ ಯುದ್ಧ ಕಾರಣ ಇತ್ತು, ಮಾತಾಡಿದ್ದರೆ ಜೀವ ಹೋಗ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಅಂಥ ಕಾರಣ ಏನಿತ್ತು? ನಿಜ ಹೇಳಬೇಕಂದ್ರೆ, ಆ ಮಾತನ್ನು ನಾನು ಟೈಪ್ ಮಾಡೋಕೆ ತಯಾರಿರಲಿಲ್ಲ, ಅಷ್ಟೇ. ಬರೆದರೆ ಅದು ಆಗಿಬಿಟ್ಟ ಹಾಗೆ ಅನ್ನಿಸಿತ್ತು.

ಡಬಲ್ ಸನ್‌ರೈಸ್ ಹಾರಾಟಗಳು 1945ರ ಜುಲೈನಲ್ಲಿ ನಿಂತವು. ಒಟ್ಟು 271 ಸಲ ಸಾಗರ ದಾಟಿದ್ದರು. ಒಂದು ವಿಮಾನವೂ ಕಳೆದುಹೋಗಲಿಲ್ಲ. 271 ಸಲವೂ ದಡದಲ್ಲಿ ಯಾರೋ ಕಾದು ನಿಂತು, 271 ಸಲವೂ ದಿಗಂತದಲ್ಲಿ ಒಂದು ಚುಕ್ಕಿ ಕಂಡಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಸಾಲ-ಗುತ್ತಿಗೆ ಕರಾರಿನ ಪ್ರಕಾರ ಆ ಕ್ಯಾಟಲೀನಾಗಳನ್ನು ಸಮುದ್ರಕ್ಕೆ ತಗೊಂಡು ಹೋಗಿ ಮುಳುಗಿಸಿದರು. ಶತ್ರು ಮುಳುಗಿಸಲಾಗದ್ದನ್ನು ಲೆಕ್ಕಪತ್ರ ಮುಳುಗಿಸಿತು.

ಆಮೇಲಿನದ್ದು ಬೇಗ ಬೇಗ ಆಯ್ತು. 1947ರ ಡಿಸೆಂಬರ್ 1ರಂದು ಕ್ವಾಂಟಾಸ್‌ನ ಕಾನ್‌ಸ್ಟೆಲೇಷನ್ ವಿಮಾನ ಸಿಡ್ನಿಯಿಂದ ಲಂಡನ್ನಿಗೆ ಹೊರಟಿತು, ಮತ್ತೆ ಸಿಂಗಪುರ, ಕಲ್ಕತ್ತ, ಕರಾಚಿ ಮೇಲೆ. ನಾಲ್ಕು ದಿನದ ಪ್ರಯಾಣ. 2018ರ ಮಾರ್ಚ್‌ನಲ್ಲಿ ಪರ್ತ್‌ನಿಂದಲೇ ಲಂಡನ್ನಿಗೆ ನೇರ ವಿಮಾನ ಬಂತು: 14,498 ಕಿ.ಮೀ., ಸುಮಾರು 17 ಗಂಟೆ. ಕ್ಯಾಟಲೀನಾ ಒಂದು ಸಾಗರ ದಾಟೋ ಹೊತ್ತಿಗಿಂತ ಹತ್ತು ಗಂಟೆ ಕಮ್ಮಿಯಲ್ಲಿ ಅರ್ಧ ಭೂಮಿಯೇ ಮುಗಿಯುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಸಿಡ್ನಿ ಮತ್ತು ಬೆಂಗಳೂರಿನ ನಡುವೆ ನೇರ ವಿಮಾನ ಶುರುವಾಯ್ತು. ನನ್ನ ಎಷ್ಟೋ ಸಹೋದ್ಯೋಗಿಗಳ ಅಣ್ಣ ತಮ್ಮಂದಿರು ಆ ಕಡೆ ಇದ್ದಾರೆ. ಆ ಸುದ್ದಿ ಬಂದ ದಿನ ಆಫೀಸಲ್ಲಿ ಎಲ್ಲರೂ ಎಷ್ಟು ಗಂಟೆ ಉಳಿಯುತ್ತೆ ಅಂತ ಲೆಕ್ಕ ಹಾಕ್ತಿದ್ದರು.

ನಮ್ಮಂಥವರು ಮನಸ್ಸಲ್ಲಿ ಯಾವಾಗಲೂ ಈ ಲೆಕ್ಕ ಇಟ್ಟುಕೊಂಡಿರ್ತೀವಿ. ಬಾಯಿ ಬಿಟ್ಟು ಹೇಳಲ್ಲ, ಅಷ್ಟೇ. ರಾತ್ರಿ ಎರಡು ಗಂಟೆಗೆ ಊರಿಂದ ಫೋನ್ ಬಂದರೆ ಮೊದಲ ವಿಮಾನ ಯಾವುದು, ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಏರ್‌ಪೋರ್ಟಿನಿಂದ ಊರಿಗೆ ಇನ್ನೆಷ್ಟು ಹೊತ್ತು. ಅಮೆರಿಕದಲ್ಲಿರೋ ಗೆಳೆಯನ ಲೆಕ್ಕ ಇಪ್ಪತ್ತಾರು ಗಂಟೆ. ಅಕ್ಕನದು ಮನೆಯಿಂದ ಮನೆಗೆ ಹದಿನೆಂಟು. ಬೆಳ್ಳಂದೂರಿನಲ್ಲಿರೋ ನನ್ನದು, ಔಟರ್ ರಿಂಗ್ ರೋಡ್ ದಯೆ ತೋರಿದರೆ, ನಾಲ್ಕು.

ಹೋದ ತಿಂಗಳು ಅಮ್ಮನಿಗೆ ಎಪ್ಪತ್ತೆರಡು ತುಂಬಿತು. ಅಕ್ಕ ಬಂದಿದ್ದಳು. ಗ್ಲೋಬ್ ಈಗಲೂ ಅಟ್ಟದ ಮೇಲಿದೆ, ದಾರ ಎಲ್ಲಿ ಹೋಯ್ತೋ ಗೊತ್ತಿಲ್ಲ. ವಾಪಸ್ ಹೊರಡುವಾಗ ಏರ್‌ಪೋರ್ಟಿನ ಬಾಗಿಲಲ್ಲಿ, ಬ್ಯಾಗು ಟ್ರಾಲಿಗೆ ಹಾಕಿ, ಅವಳು ಹೇಳಿದ್ದು ಇಷ್ಟು: 'ಇನ್ಮೇಲೆ ಏನೇ ಇದ್ರೂ ಹೇಳು. ಚಾಂಗಿಯಲ್ಲಿದ್ರೂ ಸರಿ, ವಿಮಾನ ಹತ್ತೋ ಬಾಗಿಲಲ್ಲಿದ್ರೂ ಸರಿ. ಬೇಗ ಬಾ ಅಂತ ಮಾತ್ರ ಬರೀಬೇಡ.'

ಆಯ್ತು ಅಂದೆ.